ಉಲ್ಟಾ ಓಡಿದ ಡೊಂಬಿವಲಿ ಲೋಕಲ್

ಡೊಂಬಿವಲಿಯ ಮನೆಯಲ್ಲಿ ಕೂತು ಮೊಬೈಲ್ ಗೇಮ್ ತಯಾರಿಸುವವನಿಗೆ ಬೇರೆ ಯಾವುದಕ್ಕೆ ಬರಗಾಲ ಬಂದರೂ ಉಪದೇಶಕ್ಕೆ ಬರುವುದಿಲ್ಲ. ನಾನು ಲೋಕಲ್ ರೈಲು ಹತ್ತುವ ಆಟವೊಂದನ್ನು ತಯಾರಿಸುತ್ತಿದ್ದೆ. ಥಾಣೆಯಲ್ಲಿ ಹೋಟೆಲ್ ಇಟ್ಟಿರುವ ಅಪ್ಪ ಖಡಾಖಂಡಿತವಾಗಿ ಹೇಳಿದ್ದರು: "ದೀಪಾವಳಿವರೆಗೆ ನಿನ್ನ ಆಟ ಮಾರಾಯ. ಆಮೇಲೆ ಹೋಟೆಲಿಗೆ ಬಂದು ಗಲ್ಲಾಪೆಟ್ಟಿಗೆ ಎದುರು ಕೂತ್ಕೋ." ಅಲ್ಲಿ ಒಮ್ಮೆ ಕೂತರೆ ಮುಗಿಯಿತು, ಏಳುವುದು ನನ್ನ ಮಗನನ್ನು ಕೂರಿಸಿದ ಮೇಲೆಯೇ.

೧. ಎಡಕ್ಕೆ ಓಟ

ಎಲ್ಲ ಗೇಮಿನಲ್ಲೂ ಬಲಕ್ಕೆ ಓಡಬೇಕು. ನನ್ನದರಲ್ಲೂ ಬಲಕ್ಕೆ ಥಾಣೆ, ಅಲ್ಲಿ ಇಳಿದರೆ ಗೆಲುವು. ಆಡಿ ನೋಡಿ ಎಂದು ಪಕ್ಕದ ಮನೆಯ ಬ್ಯಾಂಕ್ ಅಂಕಲ್ ಕೈಗೆ ಫೋನ್ ಕೊಟ್ಟೆ. ಅವರು ಸೀದಾ ಎಡಕ್ಕೆ ಓಡಿದರು. ಆ ಕಡೆ ನಾನು ಏನೂ ಮಾಡಿರಲಿಲ್ಲ. ಗೇಮ್ ಹ್ಯಾಂಗ್ ಆಯಿತು.

"ಅಂಕಲ್, ಥಾಣೆ ಈ ಕಡೆ."

"ಗೊತ್ತಪ್ಪಾ. ಮೊದಲು ಹಿಂದಕ್ಕೆ, ಗಾಡಿ ಹೊರಡುವ ಕಲ್ಯಾಣ್‌ಗೆ ಹೋಗಬೇಕು, ಖಾಲಿ ಗಾಡಿಯಲ್ಲಿ ಸೀಟು ಹಿಡಿದು ವಾಪಸ್ ಬರಬೇಕು. ಡೊಂಬಿವಲಿಯಲ್ಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ?"

ಎದ್ದೂಬಿದ್ದೂ ಕಲ್ಯಾಣ್ ಸ್ಟೇಷನ್ ಕಟ್ಟಿ ಮುಗಿಸಿದೆ. ನಮ್ಮ ಗಲ್ಲಿಯ ಗಟಾರ ಮಾತ್ರ ಇನ್ನೂ ಮುಗಿದಿಲ್ಲ.

೨. ಸಾಹೇಬರ ಬ್ಯಾನರ್

ಸುದ್ದಿ ನಮ್ಮ ಹೌಸಿಂಗ್ ಸೊಸೈಟಿಯ ಮೊಬೈಲ್ ಗ್ರೂಪಿನಿಂದ ಹೊರಬಿತ್ತು. ಪಕ್ಷದ ಕಾರ್ಯಕರ್ತನೊಬ್ಬ ಮನೆಗೇ ಬಂದ. "ಭಾವು, ಸ್ಟೇಷನ್ ಇದೆ, ನಮ್ಮ ಸಾಹೇಬರ ಬರ್ತ್‌ಡೇ ಬ್ಯಾನರ್ ಎಲ್ಲಿ?" ಉಸಾಬರಿ ಬೇಡವೆಂದು ಹಾಕಿದೆ. ಮರುದಿನ ಎದುರು ಪಕ್ಷದವನು ಬಂದು ಅದಕ್ಕಿಂತ ದೊಡ್ಡದು ಹಾಕಿಸಿದ. ಎರಡೂ ಸೇರಿ ರೈಲಿನ ಸಮಯ ತೋರಿಸುವ ಇಂಡಿಕೇಟರೇ ಮುಚ್ಚಿಹೋಯಿತು. ಹಣೆ ಚಚ್ಚಿಕೊಂಡು ಹಾಗೇ ಬಿಡುಗಡೆ ಮಾಡಿದೆ. ಮೊದಲ ರಿವ್ಯೂ ಬಂತು: "ಐದು ಸ್ಟಾರ್. ಥೇಟ್ ನಮ್ಮ ಸ್ಟೇಷನ್."

೩. ಏಕತೆ

ಆಮೇಲೆ ಇಂಟರ್ನೆಟ್ಟಿನಲ್ಲಿ ಜಗಳ. ಅನೌನ್ಸ್‌ಮೆಂಟ್ ಮೊದಲು ಮರಾಠಿಯಲ್ಲಿ ಯಾಕಿಲ್ಲ ಎಂದು ಒಬ್ಬ, ಹಿಂದಿ ಯಾಕೆ ಕೊನೆಗೆ ಎಂದು ಇನ್ನೊಬ್ಬ. ಕನ್ನಡದವನಾಗಿ ಕನ್ನಡ ಮರೆತೆಯಾ ಎಂದು ನಮ್ಮವರೇ ಕೇಳಿದರು, ಇಂಗ್ಲಿಷಿನಲ್ಲಿ. ಸಾಕಾಗಿ ದನಿಯನ್ನೇ ತೆಗೆದೆ. ಆಗ ಎಲ್ಲರೂ ಒಗ್ಗಟ್ಟಾಗಿ ಒಂದೊಂದೇ ಸ್ಟಾರ್ ಕೊಟ್ಟರು. ದೇಶದ ಏಕತೆಗೆ ನನ್ನದೂ ಒಂದು ಸೇವೆ.

೪. ಅಪ್ಪನ ಸರದಿ

ದೀಪಾವಳಿ ಬಂತು. "ಕೊಡು, ನಿನ್ನ ಆಟ ಎಂತದು ನೋಡುವ" ಎಂದರು ಅಪ್ಪ. ಅಪ್ಪನೂ ಎಡಕ್ಕೆ ಓಡಿದರು, ಕಲ್ಯಾಣ್‌ನಲ್ಲಿ ಕಿಟಕಿ ಸೀಟು ಹಿಡಿದರು. ಥಾಣೆ ಬಂತು, ಇಳಿಯಲಿಲ್ಲ.

"ಅಪ್ಪಾ, ಇಳೀದಿದ್ರೆ ಸೋಲ್ತೀರಿ."

"ಸೋಲ್ತೇನೆ. ಹೋಟೆಲ್ ತೆಗೀಲಿಕ್ಕೆ ತಡ ಆಗ್ತದೆ ಅಂತ ಇಷ್ಟು ವರ್ಷ ಬಾಗಿಲಲ್ಲಿ ನೇತಾಡಿಕೊಂಡೇ ಹೋದೆ. ಈಗ ಸೀಟು ಸಿಕ್ಕಿದೆ, ಏಳುವವ ಯಾರು?"

"ಹಾಗಾದ್ರೆ ಗಲ್ಲಾಪೆಟ್ಟಿಗೆ?"

ಅಪ್ಪ ಫೋನಿನಿಂದ ಕಣ್ಣು ತೆಗೆಯಲಿಲ್ಲ. "ಅದಕ್ಕೆ ಬೇರೆ ಜನ ನೋಡುವ. ನೀನು ನಡುವೆ ಇನ್ನೊಂದು ನಾಲ್ಕು ಸ್ಟೇಷನ್ ಸೇರಿಸು. ಥಾಣೆ ಬೇಗ ಬರ್ತದೆ."