ಸೊಪ್ಪು, ವೈರಸ್ ಮತ್ತು ನಮ್ಮ ಸರ್

ಮಣಿಪಾಲದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಊರವರು ಮದ್ದೆಂದು ನಂಬಿದ ಗಿಡಗಳನ್ನು ತಂದು, ಒಣಗಿಸಿ, ಪುಡಿ ಮಾಡಿ, ಸಾರ ತೆಗೆದು, ಅದು ವೈರಸ್ಸನ್ನು ತಡೆಯುತ್ತದೆಯೋ ಇಲ್ಲವೋ ಎಂದು ನೋಡುವುದು. ಎಂಟು ವರ್ಷವಾಯಿತು. ಇಷ್ಟರಲ್ಲಿ ವೈರಸ್ಸುಗಳಿಗೆ ನಮ್ಮಿಂದ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಿಲ್ಲ. ಆದರೆ ಬೆಳಿಗ್ಗೆ ಕಾರ್ಕಳದಲ್ಲಿ ಬಸ್ಸು ಹತ್ತಿ ಸಂಜೆ ವಾಪಸಾಗುವಷ್ಟರಲ್ಲಿ ನಗುವಂಥದ್ದು ಒಂದಲ್ಲ ಒಂದು ಆಗಿಯೇ ಇರುತ್ತದೆ. ವಿಜ್ಞಾನದ ಪತ್ರಿಕೆಗಳು ಅದನ್ನು ಅಚ್ಚು ಹಾಕುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಂಡದ ಮುಖ್ಯಸ್ಥರನ್ನು ಎಲ್ಲರೂ ಸರ್ ಎನ್ನುತ್ತೇವೆ. ಬಹಳ ಕಟ್ಟುನಿಟ್ಟಿನ ಮನುಷ್ಯ. ಕಿಟಕಿಯ ಹೊರಗೆ ಕೈ ಚಾಚಿ ನೋಡದೆ ಮಳೆ ಬರುತ್ತಿದೆ ಎಂದು ಒಪ್ಪುವವರಲ್ಲ.

ಸಾರ ತೆಗೆದದ್ದು

ಒಂದು ಮಳೆಗಾಲದಲ್ಲಿ ಲ್ಯಾಬಿನ ಒಣಗಿಸುವ ಯಂತ್ರ ಕೆಟ್ಟಿತು. ಕೆಡಲಿಕ್ಕೆ ಅದು ಮಳೆಗಾಲವನ್ನೇ ಕಾಯುತ್ತಿತ್ತು ಅಂತ ಕಾಣುತ್ತದೆ. ಅದೇ ಶನಿವಾರ ಕಾಪು ಕಡೆಯ ಗದ್ದೆಯ ಬದುವಿನಿಂದ ಒಂದು ಚೀಲ ಒಂದೆಲಗ ತಂದಿದ್ದೆವು. "ಮನೆಯಲ್ಲಿ ನೆರಳಿಗೆ ಹರಡು, ಸೋಮವಾರ ನೋಡುವ" ಎಂದರು ಸರ್.

ನಾನು ಮನೆಯ ಚಾವಡಿಯಲ್ಲಿ ಹಳೆಯ ಪೇಪರ್ ಹಾಸಿ, ಸೊಪ್ಪು ಹರಡಿ, ಪಕ್ಕದಲ್ಲಿ 'ಸ್ಯಾಂಪಲ್, ಮುಟ್ಟಬಾರದು' ಎಂದು ಚೀಟಿ ಇಟ್ಟೆ. ಭಾನುವಾರ ಪೇಟೆಗೆ ಹೋಗಿ ಬರುವಷ್ಟರಲ್ಲಿ ಪೇಪರ್ ಉಂಟು, ಚೀಟಿ ಉಂಟು, ಸೊಪ್ಪಿಲ್ಲ.

"ಇಷ್ಟು ಎಳೆ ಸೊಪ್ಪು ಈಗ ಎಲ್ಲಿ ಸಿಗುತ್ತದೆ? ತಂಬುಳಿ ಮಾಡಿದೆ. ಆಚೆ ಮನೆಗೂ ಕೊಟ್ಟೆ" ಎಂದರು ಅಮ್ಮ. "ಒಣಗಿಸಿ ಹಾಳು ಮಾಡುವುದಕ್ಕೆ ನಿನಗೆ ಎಂಎಸ್ಸಿ ಬೇರೆ."

ಸೋಮವಾರ ಸರ್ ಕೇಳಿದರು, "ಒಂದೆಲಗದ ಸಾರ ತೆಗೆಯುವುದು ಯಾವಾಗ?"

"ತೆಗೆದಾಯಿತು ಸರ್."

"ಇಷ್ಟು ಬೇಗ? ಯಾವುದರಲ್ಲಿ ತೆಗೆದದ್ದು, ನೀರಿನಲ್ಲಾ, ಸ್ಪಿರಿಟ್ಟಿನಲ್ಲಾ?"

"ಮಜ್ಜಿಗೆಯಲ್ಲಿ."

ನಾನು ನಡೆದದ್ದನ್ನು ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡು, "ಒಗ್ಗರಣೆ ಹಾಕಿದ್ದರಾ?" ಎಂದು ಕೇಳಿದರು.

ಪೀಡೆಗೆ ಬಂದ ಭಾಗ್ಯ

ಶಿರ್ವದಲ್ಲಿ ಒಂದು ದೊಡ್ಡ ಮನೆ. ಬಹಳ ವರ್ಷ ಕುವೈತಿನಲ್ಲಿದ್ದು ಬಂದ ಕೊಂಕಣಿ ಅಂಕಲ್ ಒಬ್ಬರದು. ಮನೆಯ ಮುಂದೆ ಕತ್ತರಿಸಿದ ಹುಲ್ಲುಹಾಸು, ಹಿಂದೆ ನೆಲ ಕಾಣದಷ್ಟು ನೆಲನೆಲ್ಲಿ. ಸ್ವಲ್ಪ ಕೀಳಬಹುದಾ ಎಂದು ಕೇಳಿದೆವು.

"ಸ್ವಲ್ಪ ಯಾಕೆ, ಎಲ್ಲ ತೆಗೆದುಕೊಂಡು ಹೋಗಿ. ಪೀಡೆ ಅದು" ಎಂದರು ಅಂಕಲ್. ಪೀಡೆ ಕೀಳುವುದಕ್ಕೆಂದೇ ಬಾಗಲಕೋಟೆ ಕಡೆಯ ತೋಟದ ಕೆಲಸದವರೊಬ್ಬರನ್ನು ಇಟ್ಟುಕೊಂಡಿದ್ದರು.

ನಾವು ಸುಮ್ಮನೆ ಕಿತ್ತುಕೊಂಡು ಬರಬೇಕಿತ್ತು. ಆದರೆ ಸರ್, ಈ ಗಿಡವನ್ನು ಕಾಮಾಲೆಯ ವೈರಸ್ಸಿಗೆ ಯಾಕೆ ಪರೀಕ್ಷಿಸುತ್ತಾರೆ ಎಂದು ಅಂಕಲ್‌ಗೆ ಇಪ್ಪತ್ತು ನಿಮಿಷ ವಿವರಿಸಿದರು.

ಮೂರು ತಿಂಗಳ ನಂತರ ಇನ್ನಷ್ಟು ಗಿಡ ಬೇಕೆಂದು ಹೋದರೆ ಹಿತ್ತಲಿನಲ್ಲಿ ಒಂದೂ ಇಲ್ಲ. ನೆಲನೆಲ್ಲಿಗೆಲ್ಲ ಬಡ್ತಿ ಸಿಕ್ಕಿ ಮುಂದಿನ ಜಗಲಿಯ ಹೂಕುಂಡಗಳಿಗೆ ಬಂದಿದ್ದವು. ಒಂದೊಂದಕ್ಕೂ ಲ್ಯಾಟಿನ್ ಹೆಸರಿನ ಫಲಕ, ಮೇಲೆ ಹಸಿರು ಬಲೆ, ಬುಡಕ್ಕೆ ಹನಿ ನೀರಿನ ಪೈಪು. ಮುಕ್ಕಾಲು ಗಿಡಗಳು ಹಳದಿಯಾಗಿ ತಲೆ ಬಾಗಿಸಿದ್ದವು. ಕಾಮಾಲೆಯ ಮದ್ದಿಗೇ ಕಾಮಾಲೆ.

ನಾನು ಕೆಲಸದವರನ್ನು ಮೆಲ್ಲಗೆ ಕೇಳಿದೆ, "ಎಂತ ಆಯಿತು ಇದಕ್ಕೆ?"

"ಏನ್ ಹೇಳ್ಲಿರಿ ಮೇಡಂ. ಆಗ ಇವನ್ನ ಕೀಳ್ಲಿಲ್ಲಂತ ಬೈತಿದ್ರು, ಈಗ ಸತ್ತಾವಂತ ಬೈತಾರ. ನಾ ಏನೂ ಮಾಡ್ದ ಕುಂತಿದ್ದಾಗ ಛಲೋ ಬೆಳೀತಿದ್ವು ನೋಡ್ರಿ."

ಇಬ್ಬರೂ ಸುಖ

ಕಾರ್ಕಳದ ಆಚೆ ಕಷಾಯ ಮಾಡಿ ಮಾರುವ ಒಬ್ಬರು ತಮ್ಮ ಬಾಟಲಿಯನ್ನು ಹಿಡಿದುಕೊಂಡು ನೇರ ಲ್ಯಾಬಿಗೇ ಬಂದರು. ಹದಿನೆಂಟು ಬೇರು ಹಾಕಿದ ಕಷಾಯವಂತೆ, ಯಾವ ವೈರಸ್ ಆದರೂ ಸರಿಯಂತೆ. ನೀವು ಪರೀಕ್ಷೆ ಮಾಡಿ ಒಂದು ಕಾಗದ ಕೊಡಿ ಎಂದರು. ಬೇಡವೆಂದರೂ ಕೇಳದೆ ಒಂದು ವಾರ ದಿನಾ ಬಂದು ಬೆಂಚಿನಲ್ಲಿ ಕುಳಿತರು. ಕೊನೆಗೆ ಸರ್ ಸೋತು ಒಪ್ಪಿದರು.

ನಾವು ಮಾಡುವುದು ಇಷ್ಟೇ. ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸುತ್ತೇವೆ, ಅದಕ್ಕೆ ವೈರಸ್ ಬಿಡುತ್ತೇವೆ, ಮೇಲೆ ಮದ್ದು ಹಾಕುತ್ತೇವೆ. ಕೋಶ ಉಳಿದು ವೈರಸ್ ಹೋದರೆ ಮದ್ದು ಒಳ್ಳೆಯದು. ಇವರ ಕಷಾಯ ಹಾಕಿದ ಮರುದಿನ ತಟ್ಟೆಯಲ್ಲಿ ವೈರಸ್ಸೂ ಇಲ್ಲ, ಕೋಶವೂ ಇಲ್ಲ. ಇಲಿ ಕಾಟಕ್ಕೆ ಮನೆಗೇ ಬೆಂಕಿ ಹಚ್ಚಿದ ಹಾಗೆ.

ಸರ್ ಅದನ್ನು ತಿಳಿಸಿ ಹೇಳಿದರು. ಅವರು ಪೂರ್ತಿ ಕೇಳಿ, "ವೈರಸ್ ಹೋಯಿತಾ ಇಲ್ವಾ?" ಎಂದರು.

"ಹೋಯಿತು. ಆದರೆ ಕೋಶವೂ..."

"ವೈರಸ್ ಹೋಯಿತಲ್ಲ, ಅಷ್ಟು ಬರೆದುಕೊಡಿ. ಕೋಶದ ಸಂಗತಿ ಬೇರೆ ಕಾಗದದಲ್ಲಿ ಬರೆಯಿರಿ. ಅದು ನನಗೆ ಬೇಡ, ನೀವೇ ಇಟ್ಟುಕೊಳ್ಳಿ."

ಸರ್ ಒಪ್ಪಲಿಲ್ಲ. ಹಾಗಾದರೆ ನೀರು ಬೆರೆಸಿ ನೋಡಿ ಎಂದರು ಕಷಾಯದವರು. ಬೆರೆಸಿದೆವು. ಕೋಶ ಸತ್ತಿತು. ಇನ್ನಷ್ಟು ಬೆರೆಸಿದೆವು. ಕೋಶ ಬದುಕುವವರೆಗೆ ಬೆರೆಸುತ್ತ ಹೋದಾಗ ಅದು ಕಷಾಯವೋ ನೀರೋ ಎಂದು ನಮಗೇ ಸಂಶಯ ಬಂತು. ಈಗ ಕೋಶವೂ ಸುಖ, ವೈರಸ್ಸೂ ಸುಖ.

"ಈಗ ನೋಡಿ, ಇದರಿಂದ ಏನೂ ಆಗುವುದಿಲ್ಲ" ಎಂದರು ಸರ್, ಪಾಠ ಮುಗಿಸಿದ ಮೇಷ್ಟರ ಹಾಗೆ.

ಕಷಾಯದವರ ಮುಖ ಅರಳಿತು. "ಒಳ್ಳೆಯದಾಯಿತು. ಹಾಗಾದರೆ ಸೈಡ್ ಎಫೆಕ್ಟ್ ಇಲ್ಲ ಅಂತ ಬರೆದುಕೊಡಿ."

ಬೋರ್ಡು

ಹೆಜಮಾಡಿಯಲ್ಲಿ ಸಮುದ್ರದ ಹತ್ತಿರ ಒಂದು ಖಾಲಿ ಜಾಗದಲ್ಲಿ ನಮಗೆ ಬೇಕಾದ ಒಂದು ಬಳ್ಳಿ ಚೆನ್ನಾಗಿ ಹಬ್ಬಿತ್ತು. ಲ್ಯಾಬಿನಲ್ಲಿ ಅದು ಸ್ವಲ್ಪ ಆಸೆ ಹುಟ್ಟಿಸಿತ್ತು ಕೂಡ. ಎಂಟು ವರ್ಷದಲ್ಲಿ ಆಸೆ ಹುಟ್ಟಿಸಿದ್ದು ಅದೊಂದೇ. ಇನ್ನೆರಡು ಸಲ ಪರೀಕ್ಷೆ ಮಾಡಬೇಕು, ಅಷ್ಟರವರೆಗೆ ಬಳ್ಳಿ ಉಳಿಯಬೇಕು ಎಂದು ಜಾಗದವರನ್ನು ಕೇಳಿ ಒಂದು ಬೋರ್ಡು ನೆಟ್ಟೆವು. 'ಇದು ಔಷಧೀಯ ಬಳ್ಳಿ. ವೈರಸ್ ಸಂಶೋಧನೆಗೆ ಕಾಯ್ದಿರಿಸಿದೆ. ದಯವಿಟ್ಟು ಕೀಳಬೇಡಿ.' ಬಳ್ಳಿಯ ಬಣ್ಣದ ಫೋಟೋ ಹಾಕಿಸಿದ್ದು ಸರ್ ಅವರ ಸಲಹೆ.

ಹದಿನೈದು ದಿನ ಬಿಟ್ಟು ಹೋದರೆ ಮರಳು ಉಂಟು, ಬೋರ್ಡು ಉಂಟು. ಬೋರ್ಡಿನ ಬುಡದಲ್ಲಿ ಹಬ್ಬಿದ್ದನ್ನೂ ಬಿಡಿಸಿಕೊಂಡು ಹೋಗಿದ್ದರು. ನನಗೆ ಅಳುವೇ ಬಂತು. ಅಲ್ಲೇ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ, "ಅಕ್ಕ, ಇಲ್ಲಿದ್ದ ಬಳ್ಳಿ ಎಂತ ಆಯಿತು?"

"ಎಲ್ಲರೂ ಕೊಂಡುಹೋದರು. ನಾನೂ ಒಂದು ಮುಷ್ಟಿ ತಂದು ಇಟ್ಟಿದ್ದೇನೆ, ಜ್ವರಗಿರ ಬಂದರೆ ಬೇಕಾಗುತ್ತದಲ್ಲ" ಎಂದರು ಅವರು. "ನೀವು ಬೋರ್ಡು ಹಾಕಿದ್ದು ಭಾರಿ ಉಪಕಾರ ಆಯಿತು. ಇಷ್ಟು ವರ್ಷ ಅದರ ಮೇಲೆಯೇ ನಡೆಯುತ್ತಿದ್ದೆವು, ಮದ್ದು ಅಂತ ಗೊತ್ತೇ ಇರಲಿಲ್ಲ."

ಕೈ ಮೇಲೆ

ಇನ್ನಂಜೆಯಲ್ಲಿ ಸರ್ಪಸುತ್ತಿಗೆ ಮದ್ದು ಹಚ್ಚುವ ಅಜ್ಜಿ ಒಬ್ಬರಿದ್ದಾರೆ. ಸೊಂಟದ ಸುತ್ತ ಗುಳ್ಳೆ ಎದ್ದು ಬೆಂಕಿ ಬಿದ್ದ ಹಾಗೆ ಉರಿಯುತ್ತದಲ್ಲ, ಅದು ವೈರಸ್ಸಿನದೇ ಕೆಲಸ. ಹಾಗಾಗಿ ಅಜ್ಜಿಯ ಸೊಪ್ಪು ನಮಗೆ ಬೇಕಿತ್ತು. ನಾನೊಬ್ಬಳೇ ಮೂರು ಸಲ ಹೋದೆ. ಸರ್ ಒಮ್ಮೆಯೂ ಬಂದವರಲ್ಲ.

"ಹೆಸರು ಹೇಳಿದರೆ ಮದ್ದಿನ ಬಲ ಹೋಗ್ತದೆ ಮಗಾ" ಎನ್ನುತ್ತಿದ್ದರು ಅಜ್ಜಿ. ಕೊನೆಗೆ ಹೆಸರು ಹೇಳದೆ, ಅರೆದ ಮುದ್ದೆಯನ್ನು ಬಾಳೆಲೆಯಲ್ಲಿ ಕಟ್ಟಿ ಕೊಟ್ಟರು.

ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. 'ಪರಿಣಾಮ ಇಲ್ಲ' ಎಂದು ಸರ್ ವರದಿಯಲ್ಲಿ ಬರೆಸಿದರು. "ಸರ್ಪಸುತ್ತು ಎರಡು ಮೂರು ವಾರದಲ್ಲಿ ತಾನಾಗಿ ಹೋಗುತ್ತದೆ. ಅಜ್ಜಿ ಕೊಡುವುದು ಸೊಪ್ಪಲ್ಲ, ಸಮಯ" ಎಂದರು. ನಾವೆಲ್ಲ ನಕ್ಕೆವು. ಮುಖ್ಯಸ್ಥರು ಹೇಳಿದ್ದಕ್ಕೆ ನಗಬೇಕಲ್ಲ.

ಮರುವಾರ ಸರ್ ರಜೆ ಹಾಕಿದರು. ವೈಯಕ್ತಿಕ ಕಾರಣವಂತೆ. ವರದಿ ಕಳುಹಿಸುವ ಮೊದಲು ಅಜ್ಜಿಯ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಿತ್ತು. ನಾನು ಇನ್ನಂಜೆಗೆ ಹೋದೆ.

ಅಜ್ಜಿಯ ಜಗಲಿಯಲ್ಲಿ ಗಂಡಸೊಬ್ಬರು ಅಂಗಿ ಬಿಚ್ಚಿ, ಎರಡೂ ಕೈ ಮೇಲೆತ್ತಿ, ನನಗೆ ಬೆನ್ನು ಹಾಕಿ ನಿಂತಿದ್ದರು, ಪೊಲೀಸರಿಗೆ ಶರಣಾದ ಕಳ್ಳನ ಹಾಗೆ. ಸೊಂಟದ ಸುತ್ತ ಹಸಿರು ಮುದ್ದೆ. ನಾನು ಕೆಮ್ಮಿದೆ. ಅವರು ತಿರುಗಿದರು.

ಸರ್.

ಅವರು ಕೈ ಇಳಿಸದೆಯೇ, "ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ" ಎಂದರು. "ಇದು ಸುಮ್ಮನೆ. ಅವಲೋಕನಕ್ಕೆ."

"ಇವರ ಗುರ್ತ ಉಂಟಾ ಮಗಾ?" ಎಂದರು ಅಜ್ಜಿ. "ಮೂರು ದಿನದಿಂದ ತಪ್ಪದೆ ಬರ್ತಾರೆ. ಪಂಚಾಯತ್‌ನಲ್ಲಿ ಕೆಲಸ ಅಂತೆ."

ಗುರ್ತ ಉಂಟು ಎಂದಷ್ಟೇ ಹೇಳಿ, ಬ್ಯಾಗಿನಿಂದ ಒಪ್ಪಿಗೆ ಪತ್ರ ತೆಗೆದೆ. ಸಹಿಗೆ ಮೊದಲು ಕೇಳಲೇಬೇಕಾದ ಕೆಲವು ಪ್ರಶ್ನೆಗಳು ಅದರಲ್ಲಿದ್ದವು. ಒಂದೊಂದನ್ನೇ ಓದಿದೆ.

"ಅಜ್ಜಿ, ನಿಮಗೆ ಸ್ವತಃ ಸರ್ಪಸುತ್ತು ಆದದ್ದುಂಟಾ?"

"ಉಂಟು ಉಂಟು. ಎರಡು ವರ್ಷದ ಹಿಂದೆ. ಭಾರಿ ಉರಿ."

"ಈ ಮದ್ದನ್ನೇ ಹಚ್ಚಿದ್ದಾ?"

"ಇಲ್ಲಪ್ಪ" ಎಂದರು ಅಜ್ಜಿ, ಮುದ್ದೆಯನ್ನು ಸರ್ ಅವರ ಪಕ್ಕೆಗೆ ಮೆತ್ತುತ್ತ. "ಮಗ ರಿಕ್ಷಾ ಮಾಡಿ ಮಣಿಪಾಲಕ್ಕೆ ಕರೆದುಕೊಂಡು ಹೋದ. ಒಂದು ವಾರದ ಮಾತ್ರೆ ಕೊಟ್ಟರು. ಕಡಿಮೆ ಆಯಿತು. ಅಲ್ಲಿಯವರು ಕಲಿತವರಲ್ವಾ, ಅವರಿಗೆ ಎಲ್ಲ ಗೊತ್ತಿರ್ತದೆ."

ಸರ್ ಅವರ ಕೈಗಳು ಮೆಲ್ಲಗೆ ಕೆಳಗೆ ಬಂದವು.

"ಕೈ ಮೇಲೆ" ಎಂದರು ಅಜ್ಜಿ.

ವಾಪಸು ಹೊರಟಾಗ ಸರ್ ತಮ್ಮ ಕಾರಿನಲ್ಲೇ ಬಾ ಎಂದರು. ನನ್ನನ್ನು ಒಬ್ಬಳನ್ನೇ ಲ್ಯಾಬಿಗೆ ಬಿಡಲಿಕ್ಕೆ ಅವರಿಗೆ ಧೈರ್ಯ ಇರಲಿಲ್ಲ ಅಂತ ಕಾಣುತ್ತದೆ. ಸೀಟಿಗೆ ಬೆನ್ನು ತಾಗದ ಹಾಗೆ ನೆಟ್ಟಗೆ ಕುಳಿತು ಗಾಡಿ ಓಡಿಸುತ್ತಿದ್ದರು.

ಉಡುಪಿ ಹತ್ತಿರ ಬಂದಾಗ ಕೇಳಿದರು, "ಆ ವರದಿ ಕಳುಹಿಸಿ ಆಯಿತಾ?"

"ಇಲ್ಲ ಸರ್. ನಾಳೆ."

"ಅದರಲ್ಲಿ 'ಪರಿಣಾಮ ಇಲ್ಲ' ಅಂತ ಉಂಟಲ್ಲ, ಅದನ್ನು ತೆಗೆದು 'ಇನ್ನಷ್ಟು ಅಧ್ಯಯನ ಅಗತ್ಯ' ಅಂತ ಹಾಕು."

ಎಂಟು ವರ್ಷ ಅವರು ನನ್ನಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ನಾನು ಒಮ್ಮೆ ಅವರಲ್ಲಿ ಕೇಳಿದೆ. "ಪುರಾವೆ ಎಂತ ಉಂಟು ಸರ್?"

ಸರ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಉರಿ ಕಡಿಮೆ ಆಗಿದೆ ಮಾರಾಯ್ತಿ" ಎಂದರು.