ಬಾಬ್ ಮಕ್ಕಾದ ಗೋಡೆ

ಇಡೀ ಜಿದ್ದಾದಲ್ಲಿ ಇಲ್ಲದ ಗೋಡೆಯನ್ನು ಜನರಿಗೆ ತೋರಿಸುತ್ತಿದ್ದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಮಾತ್ರ! ಊರಿಂದ ಉಮ್ರಾ ಯಾತ್ರೆಗೆ ಬಂದವರನ್ನು ಬೇರೆಯವರು ಸಮುದ್ರದ ದಂಡೆಗೋ ಮಾಲ್‌ಗೋ ಕರೆದುಕೊಂಡು ಹೋಗುತ್ತಾರೆ. ಮಾವ ಮಟಮಟ ಮಧ್ಯಾಹ್ನ ಬಾಬ್ ಮಕ್ಕಾ ರಸ್ತೆಯಲ್ಲಿ ನಿಲ್ಲಿಸಿ, "ನೋಡಿ, ಗೋಡೆ ಇದ್ದದ್ದು ಇಲ್ಲೇ" ಎನ್ನುತ್ತಿದ್ದರು. ಮುಂದಿನ ಸಲ ಆ 'ಇಲ್ಲೇ' ನಾಲ್ಕು ಅಂಗಡಿ ಆಚೆಗೆ ಸರಿದಿರುತ್ತಿತ್ತು. ಬಂದವರು ಎದುರಿನ ಜ್ಯೂಸಿನ ಅಂಗಡಿಯನ್ನೇ ಭಕ್ತಿಯಿಂದ ನೋಡುತ್ತಿದ್ದರು. ಒಬ್ಬ ಅಜ್ಜಿಯಂತೂ ಇದೂ ಉಮ್ರಾದ ಭಾಗವಿರಬೇಕೆಂದು ಕೈಯೆತ್ತಿ ದುಆ ಮಾಡಿಬಿಟ್ಟರು!

ಪೋರ್ಚುಗೀಸರ ಹಡಗುಗಳು ಕೆಂಪು ಸಮುದ್ರಕ್ಕೆ ನುಗ್ಗುತ್ತಿದ್ದ ಕಾಲದಲ್ಲಿ ಊರ ಸುತ್ತ ಕಟ್ಟಿದ ಗೋಡೆಯದು. ಮಕ್ಕಾದ ದಾರಿಗೆ ತೆರೆಯುತ್ತಿದ್ದ, ಕತ್ತಲಾದೊಡನೆ ಮುಚ್ಚುತ್ತಿದ್ದ ಬಾಗಿಲು ಬಾಬ್ ಮಕ್ಕಾ. ಗೋಡೆ ಕೆಡವಿದ ಮೇಲೂ ಹೆಸರು ರಸ್ತೆಗೆ ಅಂಟಿಕೊಂಡಿತು. ಮಾವನೋ ಉಳ್ಳಾಲದವರು, ತಮ್ಮೂರ ರಾಣಿ ಪೋರ್ಚುಗೀಸರೊಡನೆ ಕಾದಾಡಿದ ಕಥೆ ಕೇಳುತ್ತಲೇ ಬೆಳೆದವರು. ಶತ್ರು ಒಬ್ಬನೇ ಆದ ಮೇಲೆ ಜಿದ್ದಾದವರೆಲ್ಲ ನೆಂಟರಲ್ಲದೆ ಮತ್ತೇನು? ಒಮ್ಮೆ ಇಕಾಮಾ, ಅಂದರೆ ವಾಸದ ಪರವಾನಗಿ ಚೀಟಿ ಕೇಳಿದ ಪೊಲೀಸನಿಗೂ ಈ ನೆಂಟಸ್ತಿಕೆಯನ್ನು ವಿವರಿಸಿದರಂತೆ. ಅವನು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, ಮತ್ತೆ ಇಕಾಮಾ ಕೇಳಿದನಂತೆ.

ಈ ಹುಚ್ಚು ಹಿಡಿಸಿದವರು ಮಾವನ ಕಫೀಲ್, ಅಂದರೆ ವೀಸಾ ಕೊಟ್ಟು ತಮ್ಮ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿಟ್ಟುಕೊಂಡ ಧಣಿ. ಗೋಡೆ ಕೆಡವುವುದನ್ನು ಅವರು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದರು. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತೆಂದು ಜೊತೆಗೆ ನಡೆದೇ ತೋರಿಸುತ್ತೇನೆ ಎಂದು ಮಾವನಿಗೆ ಮಾತು ಕೊಟ್ಟಿದ್ದರು. ಯಾವಾಗ? 'ಬುಕ್ರಾ', ಅಂದರೆ ನಾಳೆ. ರಂಜಾನಿನಲ್ಲಿ ವ್ಯಾಪಾರದ ಗಡಿಬಿಡಿ, ಹಜ್ಜಿನಲ್ಲಿ ಇನ್ನೂ ಗಡಿಬಿಡಿ, ಬೇಸಿಗೆಯಲ್ಲಿ ಹೊರಗೆ ಕಾಲಿಡಲಾಗದ ಸೆಕೆ. ನಾಳೆ ನಾಳೆ ಎನ್ನುತ್ತಲೇ ಇಬ್ಬರ ಗಡ್ಡವೂ ಬೆಳ್ಳಗಾಯಿತು. ಜಿದ್ದಾದಲ್ಲೇ ಇದ್ದ ನಾನು ನೆನಪಿಸಿದರೆ ಮಾವ, "ಅವರೂ ಇಲ್ಲೇ ಇದ್ದಾರೆ, ನಾನೂ ಇಲ್ಲೇ ಇದ್ದೇನೆ. ಅವಸರ ಎಂತದು ಮಾರಾಯ?" ಎನ್ನುತ್ತಿದ್ದರು.

ಆಮೇಲೆ ಧಣಿ ಅಂಗಡಿಗೆ ಬರುವುದೂ ನಿಂತಿತು. ಕಳೆದ ವರ್ಷ ಅವರ ಮಕ್ಕಳು ಅಂಗಡಿ ಮುಚ್ಚಿದರು. ಮಾವನ ಪಾಸ್‌ಪೋರ್ಟಿಗೆ ಎಕ್ಸಿಟ್ ಮುದ್ರೆ ಬಿತ್ತು. ಇನ್ನು ಊರಿಗೆ ಹೋದರೆ ಹೋದ ಹಾಗೆಯೇ. ಹೊರಡುವ ಮೊದಲು ಧಣಿಯನ್ನು ಒಮ್ಮೆ ನೋಡಬೇಕೆಂದು ಹಠ ಹಿಡಿದರು. ಧಣಿಯ ಒಬ್ಬ ಮಗ ಒಂದು ಸಂಜೆ ತಂದೆಯನ್ನು ಗಾಲಿಕುರ್ಚಿಯಲ್ಲಿ ಬಾಬ್ ಮಕ್ಕಾಕ್ಕೆ ಕರೆತಂದ. ಮಾವನ ಜೊತೆ ನಾನೂ ಇದ್ದೆ.

ಮುದುಕರಿಗೆ ಮರೆವಿನ ಕಾಯಿಲೆಯೆಂದು ತಿಳಿದದ್ದು ಆಗಲೇ. ಮಾವ ಸಲಾಂ ಹೇಳಿದರು. ಧಣಿ ಮಗನ ಕಡೆ ತಿರುಗಿ, ಇವನು ಯಾರು ಎಂದು ಕೇಳಿದರು. ಅಂಗಡಿಯ ಹೆಸರು ಹೇಳಿದರೂ ಗುರುತು ಹತ್ತಲಿಲ್ಲ.

ಮಾವ ಮಗನ ಕೈಯಿಂದ ಕುರ್ಚಿ ತೆಗೆದುಕೊಂಡು ತಾವೇ ತಳ್ಳತೊಡಗಿದರು. ಅಂಗಡಿಯಲ್ಲಿ ಕಲಿತ ತಮ್ಮ ಅರಬ್ಬಿಯಲ್ಲಿ, ಗೋಡೆ ಇಲ್ಲಿಂದ ಹೀಗೆ ಹೋಗುತ್ತಿತ್ತು, ನೀವು ಹುಡುಗರೆಲ್ಲ ಇಲ್ಲಿ ಆಡುತ್ತಿದ್ದಿರಿ ಎಂದು ಧಣಿಯ ಬಾಲ್ಯವನ್ನು ಧಣಿಗೇ ಹೇಳುತ್ತಾ ಹೋದರು. ಮುದುಕರು ತಲೆದೂಗಿ ಕೇಳುತ್ತಿದ್ದರು.

ಮುಸ್ಸಂಜೆಯ ಮಗ್ರಿಬ್ ಬಾಂಗ್ ಕೇಳಿದ್ದೇ ತಡ, ಅವರು ಥಟ್ಟನೆ ಮಾವನ ಕೈ ಹಿಡಿದುಕೊಂಡರು.

"ಕತ್ತಲಾಯಿತು, ಬಾಗಿಲು ಹಾಕಿಬಿಡುತ್ತಾರೆ. ನೀನು ಹೊರಗೆ ಉಳಿಯಬೇಡ, ಬೇಗ ಒಳಗೆ ಬಾ."

"ಬಂದೆ ಬಾಬಾ" ಎಂದರು ಮಾವ.

ಮಗ ಕಾರು ತಂದು ನಿಲ್ಲಿಸಿದ. ಇಬ್ಬರೂ ಕೈ ಬಿಡಲಿಲ್ಲ.