ನೀರಷ್ಟೇ ಕುಡಿದ ಅಣವೀರ

ಹೆಂಡತಿ ಮನೆಗೆ ಕಾಲಿಡುವ ತನಕ ಬರೀ ನೀರು ಎಂದು ಸೇಡಂನ ಅಣವೀರ ಹರಕೆ ಹೊತ್ತದ್ದೇ ಎಲ್ಲದಕ್ಕೂ ಮೂಲವಾಯಿತು. ಅವನ ಕುಡಿತಕ್ಕೆ ಬೇಸತ್ತ ಸುಮಂಗಲಾ ತವರೂರು ಕುರಕುಂಟಾಕ್ಕೆ ಹೋಗಿ ವರ್ಷವಾಗಿತ್ತು. ಅಂದಿನಿಂದ ಅವನು ಕುಡಿದಿರಲಿಲ್ಲ. 'ಸೋಮವಾರ ಬಂದು ನೋಡ್ತೀನಿ' ಎಂದು ಅವಳು ಹೇಳಿ ಕಳಿಸಿದಳು. ಶನಿವಾರದಿಂದ ಅವನು ಅನ್ನ ಮುಟ್ಟಲಿಲ್ಲ.

ಮೊದಲ ದಿನ ಹೊಟ್ಟೆ ಕರು ಕಳಕೊಂಡ ಎಮ್ಮೆಯಂತೆ ಕೂಗಿತು. ಮರುದಿನ ತಾನಾಗಿ ಸುಮ್ಮನಾಯಿತು. ಸೋಮವಾರ ಬೆಳಿಗ್ಗೆ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬಂತು, ಬೆರಳು ನಡುಗಿದವು. ಗೋಡೆ ಹಿಡಿದು ಅಂಗಳಕ್ಕೆ ಬಂದವನನ್ನು ಎದುರುಮನೆಯ ಮಾಣಿಕಪ್ಪ ಕಂಡು, ಹತ್ತಿರ ಬಂದು ಮೂಗು ಅರಳಿಸಿದ.

"ಏನೋ, ಮುಂಜಾನೇನೇ ಸುರು ಮಾಡಿದೇನು?"

"ಉಪಾಸ ಅದೀನ್ರಿ ಕಾಕಾ."

"ಉಪಾಸ ಇದ್ದವನ ಬಾಯಿ ಕೊಳೆತ ಹಣ್ಣಿನಂಗ ನಾರ್ತದೇನು?"

ಮಾಣಿಕಪ್ಪ ಹೆಂಡತಿ ಭೀಮಬಾಯಿಗೆ ಹೇಳಿದ. ಸುಮಂಗಲಾ ಆಟೋ ಇಳಿಯುವ ಮೊದಲೇ ಭೀಮಬಾಯಿ ಅವಳ ಕಿವಿಗೆ ಸುದ್ದಿ ಮುಟ್ಟಿಸಿದಳು.

ಸುಮಂಗಲಾ ಹೊಸ್ತಿಲಲ್ಲೇ ನಿಂತು ಗಂಡನ ಉಸಿರು ಮೂಸಿದಳು. ಅವಳ ಕಣ್ಣು ತುಂಬಿತು. "ಬಿಟ್ಟಿಲ್ಲ ನೀವು."

ಅಣವೀರನ ತಲೆ ಕೆಟ್ಟಿತು. "ನನ್ನ ಸಂಸಾರ ಕೆಡಸ್ಲಿಕತ್ತೀರೇನು?" ಎಂದು ಅಂಗಳದಲ್ಲಿ ನಿಂತಿದ್ದ ಮಾಣಿಕಪ್ಪ, ಭೀಮಬಾಯಿಯತ್ತ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಬೀಸಿ ಒಗೆದ. ಅದು ಭೀಮಬಾಯಿಯ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ಬಡಿಯಿತು.

ಗದ್ದಲ ಕೇಳಿ ಪಕ್ಕದ ಮನೆಯ ನರ್ಸ್ ಲುಂಬಿನಿ ಬಂದಳು. ಅವನನ್ನು ಕೂರಿಸಿ ನಾಡಿ ಹಿಡಿದಳು, ಬಾಯಿ ಮೂಸಿದಳು, ಕೇಳುವುದನ್ನೆಲ್ಲ ಕೇಳಿದಳು.

"ಇದು ದಾರು ವಾಸನಿ ಅಲ್ರಿ. ಅನ್ನ ಇಲ್ಲದಾಗ ಮೈ ತನ್ನ ಕೊಬ್ಬೇ ಸುಟ್ಕೋತದ, ಅದರ ವಾಸನಿ. ನಡುಗೋದೂ ಹಸಿವಿಗೇ. ಸ್ವಲ್ಪ ಸ್ವಲ್ಪ ಅಂಬಲಿ ಕುಡಸ್ರಿ."

ಮಾಣಿಕಪ್ಪ ತಲೆ ತಗ್ಗಿಸಿದ. ಸುಮಂಗಲಾ ಒಳಗೆ ಹೋಗಿ ಅಂಬಲಿ ಕಾಸಿ ತಂದಳು. ಅವನು ಕುಡಿದು ಮುಗಿಸುವ ತನಕ ಎದುರೇ ಕುಳಿತಿದ್ದಳು.

"ಖರೇನೇ ಒಂದು ಹನಿ ಮುಟ್ಟಿಲ್ಲ?"

"ನಿನ್ನ ಆಣಿ."

"ನಂಬ್ತೀನ್ರಿ." ಅವಳು ಚೀಲ ಎತ್ತಿಕೊಂಡಳು. "ಕೈಗೆ ಸಿಕ್ಕಿದ್ದು ಒಗಿಯೋದು, ಹೊಡಿಯೋದು, ಎಲ್ಲಾ ದಾರೂನೇ ಮಾಡಸ್ತದ ಅಂತ ತಿಳ್ಕೊಂಡಿದ್ದೆ. ಅದು ಹೋದ್ರ ಮನಶಾ ಉಳೀತಾನ ಅಂತ ಕಾದೆ. ಇವತ್ತು ನಿಮ್ಮ ಹೊಟ್ಟ್ಯಾಗ ಬರೀ ನೀರಿತ್ತು."

ಅವಳು ಓಣಿ ದಾಟುವಷ್ಟರಲ್ಲಿ ಅಣವೀರ ಬಾಗಿಲಿಗೆ ಬಂದ.

"ಸುಮಂಗಲಾ, ನಿಂದ್ರು. ಸುಳ್ಳು ಹೇಳ್ದೆ. ಕುಡ್ದಿದ್ದೆ ನಾನು."

ಓಣಿಯಲ್ಲಿ ಒಬ್ಬರೂ ನಂಬಲಿಲ್ಲ.